ತಡವಾಗಿ ಬರುವ ದನಿ

ಪ್ರತಿ ಭಾನುವಾರ ಸಂಜೆ ಏಳು ಗಂಟೆಗೆ ಅರಕೇರಿಯ ನಮ್ಮ ಮನೆಯಲ್ಲಿ ಒಂದು ಸಣ್ಣ ಸಂಭ್ರಮ ನಡೆಯುತ್ತದೆ. ಬೆಂಗಳೂರಿನಲ್ಲಿರುವ ಮಗ ವಿಡಿಯೊ ಕರೆ ಮಾಡುತ್ತಾನೆ. ಎರಡನೆಯ ಇಯತ್ತೆಯಲ್ಲಿ ಓದುವ ಮೊಮ್ಮಗಳು ನನ್ನ ಮೇಜಿನ ಮೇಲಿನ ಗಣಕಯಂತ್ರದ ಪರದೆಯಲ್ಲಿ ಪ್ರತ್ಯಕ್ಷಳಾಗಿ ಆ ವಾರದ ವರದಿಯನ್ನೆಲ್ಲ ಒಪ್ಪಿಸುತ್ತಾಳೆ. ಮೊಬೈಲಿನ ಅಂಗೈಯಗಲದ ಪರದೆ ನನ್ನ ಮಡದಿಗೆ ಸೇರದು. ಆಕೆಗೆ ದೊಡ್ಡ ಪರದೆಯೇ ಬೇಕು. ಹೀಗಾಗಿ, ನಿವೃತ್ತಿಗೆ ಒಂದು ವರ್ಷ ಮೊದಲು, ಅಂದರೆ 2017ರಲ್ಲಿ ಕೊಂಡ ಆ ಹಳೆಯ ಯಂತ್ರವನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ಕಳೆದ ದೀಪಾವಳಿಯ ನಂತರದ ಒಂದು ಭಾನುವಾರ ಆಕೆ ಕರೆಯ ನಡುವೆಯೇ ಎದ್ದು ಒಳಗೆ ಹೋದಳು. ಒಲೆಯ ಮೇಲೆ ಏನೋ ಇರಬೇಕೆಂದುಕೊಂಡೆ. ಮುಂದಿನ ವಾರವೂ ಹಾಗೆಯೇ ಆಯಿತು. ಮೂರನೆಯ ವಾರ ಬಂದು ಕೂಡಲೇ ಇಲ್ಲ. ‘ನೀವ ಮಾತಾಡ್ರಿ. ಆಮ್ಯಾಲ ನನಗ ಹೇಳ್ರಿ’ ಎಂದು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ‘ಅಜ್ಜಿ ಎಲ್ಲಿ?’ ಎಂದು ಮಗು ಎರಡು ಸಲ ಕೇಳಿತು. ನನಗೆ ಸ್ವಲ್ಪ ಸಿಟ್ಟೇ ಬಂದಿತೆಂದು ಒಪ್ಪಿಕೊಳ್ಳುತ್ತೇನೆ. ಕರೆ ಮುಗಿದ ಮೇಲೆ ಕಾರಣ ಕೇಳಿದರೆ ಆಕೆ ಹೇಳಿದ್ದು ಇಷ್ಟೇ: ‘ಬಾಯಿ ಒಂದ ಕಡೆ, ಮಾತ ಒಂದ ಕಡೆ. ನೋಡಿದ್ರ ತಲಿ ತಿರಗತೈತಿ.’

ಆಗ ನಾನು ಗಮನವಿಟ್ಟು ನೋಡಿದೆ. ನಿಜವೇ ಆಗಿತ್ತು. ಮಗು ಬಾಯಿ ಮುಚ್ಚಿದ ಮೇಲೂ ಮಾತಿನ ಕೊನೆಯ ಅಕ್ಷರಗಳು ಬರುತ್ತಲೇ ಇದ್ದವು. ನನಗದು ಇಷ್ಟು ದಿನ ಬಾಧಿಸಿರಲಿಲ್ಲ. ನಾನು ಕೇಳುತ್ತಿದ್ದೆನೇ ಹೊರತು ನೋಡುತ್ತಿರಲಿಲ್ಲ.

ಚಿತ್ರಕ್ಕೂ ದನಿಗೂ ಹೊಂದಿಕೆ ತಪ್ಪುವುದು ನನಗೆ ಹೊಸದಲ್ಲ. ನಾವು ಹುಡುಗರಾಗಿದ್ದಾಗ ಜಾತ್ರೆಗಳಿಗೆ ಬರುತ್ತಿದ್ದ ಟೂರಿಂಗ್ ಟಾಕೀಜಿನ ಡೇರೆಯಲ್ಲಿ ಇದು ಆಗಾಗ ಆಗುತ್ತಿತ್ತು. ನಾಯಕ ಬಾಯಿ ಮುಚ್ಚಿ ನಿಂತಿದ್ದರೂ ಅವನ ಪ್ರೇಮನಿವೇದನೆ ಮುಂದುವರಿಯುತ್ತಿತ್ತು. ಡೇರೆಯ ತುಂಬ ಸಿಳ್ಳೆ. ಕಾರಣ ನನಗೆ ತಿಳಿದದ್ದು ಬಿ.ಎಡ್. ಮುಗಿಸಿ ಮೇಷ್ಟ್ರಾದ ಮೇಲೆ. 35 ಮಿ.ಮೀ. ಫಿಲ್ಮಿನಲ್ಲಿ ಒಂದು ಚಿತ್ರಕ್ಕೆ ಸಂಬಂಧಿಸಿದ ದನಿಯ ಗುರುತು ಆ ಚಿತ್ರದ ಪಕ್ಕದಲ್ಲೇ ಇರುವುದಿಲ್ಲ, ಸುಮಾರು 20 ಚೌಕಟ್ಟುಗಳಷ್ಟು ಮುಂದೆ ಇರುತ್ತದೆ. ಚಿತ್ರ ತೋರಿಸುವ ಕಿಂಡಿಯೂ ದನಿ ಓದುವ ದೀಪವೂ ಯಂತ್ರದಲ್ಲಿ ಬೇರೆ ಬೇರೆ ಸ್ಥಳದಲ್ಲಿವೆಯಲ್ಲ! ಇವೆರಡರ ನಡುವೆ ಫಿಲ್ಮಿನ ಸುರುಳಿಯನ್ನು ಆಪರೇಟರು ನಾಲ್ಕು ಚೌಕಟ್ಟು ಹೆಚ್ಚು ಬಿಟ್ಟರೆ ನಾಯಕನ ಬಾಯಿಗೂ ಮಾತಿಗೂ ಅಷ್ಟರಮಟ್ಟಿಗೆ ವಿಚ್ಛೇದನ. ಆದರೆ ನನ್ನ ಮೇಜಿನ ಮೇಲೆ ಫಿಲ್ಮೂ ಇರಲಿಲ್ಲ, ಸುರುಳಿಯೂ ಇರಲಿಲ್ಲ.

ಮೊದಲ ಅನುಮಾನ ಸಹಜವಾಗಿಯೇ ಅಂತರ್ಜಾಲದ ಮೇಲೆ. ನಮ್ಮ ಹಳ್ಳಿಯಲ್ಲಿ ಏನೇ ಕೆಟ್ಟರೂ ‘ನೆಟ್ ಇಲ್ರಿ’ ಎನ್ನುವುದು ವಾಡಿಕೆ. ಇದನ್ನು ಪರೀಕ್ಷಿಸಲು, ಯಂತ್ರದಲ್ಲೇ ಉಳಿಸಿಟ್ಟಿದ್ದ ನನ್ನ 2018ರ ಬೀಳ್ಕೊಡುಗೆ ಸಮಾರಂಭದ ವಿಡಿಯೊ ಹಾಕಿ, ಅಂತರ್ಜಾಲದ ತಂತಿಯನ್ನು ಕಿತ್ತಿಟ್ಟೆ. ಮುಖ್ಯಗುರುಗಳು ಮೈಕಿನ ಮುಂದೆ ಬಾಯಿ ತೆರೆದರು. ಕ್ಷಣ ಬಿಟ್ಟು ದನಿ ಬಂತು. ಸಭಿಕರು ಚಪ್ಪಾಳೆ ತಟ್ಟಿದರು. ಅಂಗೈಗಳು ಅಗಲಿದ ಮೇಲೆ ಶಬ್ದ ಬಂತು. ಅಂತರ್ಜಾಲ ನಿರ್ದೋಷಿ.

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ನನ್ನ ವಿದ್ಯಾರ್ಥಿಗಳು ಮಾಡಿದ್ದರೆ ಅಂಕ ಕಳೆಯುತ್ತಿದ್ದೆ. ಒಂದೇ ಮಧ್ಯಾಹ್ನ ಯಂತ್ರವನ್ನು ಮೂರು ಬಾರಿ ಮುಚ್ಚಿ ತೆರೆದೆ. ವಿಂಡೋಸಿನ ದೋಷಪತ್ತೆ ವ್ಯವಸ್ಥೆಯನ್ನು ನಡೆಸಿದೆ. ಅದು ಬಹಳ ಹೊತ್ತು ಧ್ಯಾನಿಸಿ ಯಾವ ಸಮಸ್ಯೆಯೂ ಕಂಡುಬಂದಿಲ್ಲವೆಂದು ವಿನಯದಿಂದ ತಿಳಿಸಿತು. ಧ್ವನಿಯ ಡ್ರೈವರನ್ನು ಅಳಿಸಿ ಮತ್ತೆ ಹಾಕಿದೆ. ಧ್ವನಿಯನ್ನು ಸುಂದರಗೊಳಿಸುತ್ತೇವೆಂದು ಯಂತ್ರದವರು ಇಟ್ಟಿರುವ ಅಲಂಕಾರಗಳನ್ನೆಲ್ಲ ಆರಿಸಿದೆ. ಈ ಅಲಂಕಾರಗಳು ದನಿಯನ್ನು ಒಂದಿಷ್ಟು ಹಿಡಿದಿಟ್ಟು, ತಿದ್ದಿ, ಆಮೇಲೆ ಬಿಡುತ್ತವೆ. ಹೀಗಾಗಿ ಅವುಗಳಿಂದಲೂ ವಿಳಂಬವಾಗುವುದುಂಟು, ಆರಿಸುವುದು ತಪ್ಪಲ್ಲ. ಆದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದ ಮೇಲೆ ಯಾವುದರಿಂದ ಏನಾಯಿತೆಂದು ಹೇಳುವ ಬಗೆ ಎಂತು? ಅದೃಷ್ಟವಶಾತ್ ಯಾವುದರಿಂದಲೂ ಏನೂ ಆಗಲಿಲ್ಲ.

ಕೊನೆಗೆ ಆ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡು ವಿಜಯಪುರಕ್ಕೆ ಹೋದೆ. ಅಂಗಡಿಯ ತರುಣ ತನ್ನ ಪರದೆಗೂ ತನ್ನ ಸ್ಪೀಕರಿಗೂ ಜೋಡಿಸಿ ನನ್ನ ಬೀಳ್ಕೊಡುಗೆಯ ವಿಡಿಯೊ ಹಾಕಿದ. ಬಾಯಿಗೂ ಮಾತಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ! ವೈದ್ಯರ ಮುಂದೆ ಕುಳಿತೊಡನೆ ಮಾಯವಾಗುವ ಹಲ್ಲುನೋವಿನ ಹಾಗೆ. ಆದರೂ ಆತ ನನ್ನನ್ನು ಬರಿಗೈಯಲ್ಲಿ ಕಳಿಸಲು ಒಪ್ಪದೆ, ‘ಸರ್, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಂತೈತಿ. ಮದರ್‌ಬೋರ್ಡೂ ಹಳೇದು. ಹೊಸಾದು ತಗೊಂಬಿಡ್ರಿ’ ಎಂದ. ಬೆಂಬಲ ನಿಂತದ್ದು ನಿಜ. ಆದರೆ ಬೆಂಬಲ ನಿಂತ ಮಾತ್ರಕ್ಕೆ ದನಿ ಹಿಂದೆ ಬೀಳುವುದೇಕೆ, ಮತ್ತು ನಿನ್ನ ಅಂಗಡಿಯಲ್ಲಿ ಹಿಂದೆ ಬೀಳದಿರುವುದೇಕೆ ಎಂದು ಕೇಳಿದೆ. ಆತ ಬೇರೆ ಗಿರಾಕಿಯ ಕಡೆ ತಿರುಗಿದ.

ಮರಳಿ ಬರುವಾಗ ಬಸ್ಸಿನ ಕಿಟಕಿಯ ಬಳಿ ಕುಳಿತು ಯೋಚಿಸಿದೆ. ಇಲ್ಲಿಗೂ ಅಲ್ಲಿಗೂ ಬದಲಾದದ್ದು ಏನು? ಪರದೆ ಮತ್ತು ಸ್ಪೀಕರು, ಇವೆರಡೇ. ಉತ್ತರ ಮನೆಯ ಮೇಜಿನ ಮೇಲೆಯೇ ಕುಳಿತಿತ್ತು.

ಆ ದೀಪಾವಳಿಗೆ ಬಂದಿದ್ದ ಮಗ, ತಾಯಿಗೆ ಸರಿಯಾಗಿ ಕೇಳಿಸುತ್ತಿಲ್ಲವೆಂದು, ಹಳೆಯ ಎರಡು ಪುಟ್ಟ ಸ್ಪೀಕರುಗಳನ್ನು ತೆಗೆದು ತಂಬಿಗೆಯ ಗಾತ್ರದ ಒಂದು ಬ್ಲೂಟೂತ್ ಸ್ಪೀಕರನ್ನು ಇಟ್ಟು ಹೋಗಿದ್ದ. ತಂತಿಯಿಲ್ಲ, ದನಿ ಘನ, ಬೇಕಾದಷ್ಟು ಜೋರು. ಮನೆಗೆ ಬಂದವರೆಲ್ಲ ಮೆಚ್ಚಿದ್ದರು. ಆಕೆಗೆ ಚೆನ್ನಾಗಿ ಕೇಳಲೆಂದು ಪ್ರೀತಿಯಿಂದ ತಂದ ವಸ್ತುವೇ ಆಕೆಯನ್ನು ಎಬ್ಬಿಸಿ ಕಳಿಸಿತ್ತು.

ತಂತಿಯಿಲ್ಲದ ಸ್ಪೀಕರು ತಡಮಾಡುವುದೇಕೆ? ಇದನ್ನು ನಮ್ಮ ಟಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಹೇಳುವುದು ಸುಲಭ. ತೋಟದ ತಲೆಯಲ್ಲಿ ವಾಲ್ವು ತಿರುವಿದೊಡನೆ ಕೊನೆಯ ಬಳ್ಳಿಯ ಬುಡಕ್ಕೆ ಹನಿ ಬೀಳುವುದಿಲ್ಲ. ಕೊಳವೆ ಮೊದಲು ತುಂಬಬೇಕು. ಗಣಕಯಂತ್ರದೊಳಗೆ ದನಿಯೆಂದರೆ ಅಂಕಿಗಳ ಹರಿವು, ಸಿ.ಡಿ.ಯ ಲೆಕ್ಕದಲ್ಲಿ ಒಂದು ಸೆಕೆಂಡಿಗೆ 44,100 ಅಂಕಿಗಳು. ಬ್ಲೂಟೂತಿನ ಸಣ್ಣ ರೇಡಿಯೊ ಇಷ್ಟನ್ನೂ ಇದ್ದಂತೆಯೇ ಸಾಗಿಸದು. ಯಂತ್ರ ಅವನ್ನು ಗಂಟುಗಂಟಾಗಿ ಕಟ್ಟಿ, ಒತ್ತಿ ಸಣ್ಣದು ಮಾಡಿ ಕಳಿಸುತ್ತದೆ. ದಾರಿಯಲ್ಲಿ ಕೆಲವು ಗಂಟು ಕೆಡಬಹುದು, ಮತ್ತೆ ಕಳಿಸಬೇಕಾಗಬಹುದು. ಆಗ ದನಿ ಕತ್ತರಿಸಿ ಹೋಗದಿರಲೆಂದು ಸ್ಪೀಕರು ಬಂದ ಗಂಟುಗಳನ್ನು ಒಂದು ತೊಟ್ಟಿಯಲ್ಲಿ ಕೂಡಿಟ್ಟುಕೊಂಡು, ತೊಟ್ಟಿ ಒಂದು ಮಟ್ಟಕ್ಕೆ ತುಂಬಿದ ಮೇಲೆ ಬಿಚ್ಚಿ ನುಡಿಸತೊಡಗುತ್ತದೆ. ಆ ತೊಟ್ಟಿಯೇ ವಿಳಂಬ. ತೊಟ್ಟಿ ಚಿಕ್ಕದಾದರೆ ದನಿ ತುಂಡುತುಂಡು, ದೊಡ್ಡದಾದರೆ ತಡ. ಹಾಡು ಕೇಳುವವನಿಗೆ ಇದರಿಂದ ನಷ್ಟವೇನೂ ಇಲ್ಲ. ಇಡೀ ಹಾಡೇ ಒಂದು ಕ್ಷಣ ತಡವಾಗಿ ಶುರುವಾದರೆ ಯಾರಿಗೆ ಗೊತ್ತಾದೀತು! ಚಿತ್ರ ಜೊತೆಗಿದ್ದಾಗ ಮಾತ್ರ ಬಣ್ಣ ಬಯಲಾಗುತ್ತದೆ.

ಕೆಲವು ಪ್ಲೇಯರುಗಳು ಜಾಣತನದಿಂದ ಸ್ಪೀಕರಿನ ವಿಳಂಬವನ್ನು ವಿಚಾರಿಸಿಕೊಂಡು ಚಿತ್ರವನ್ನೂ ಅಷ್ಟೇ ತಡೆಹಿಡಿಯುತ್ತವೆ. ನಾನು ಯೂಟ್ಯೂಬಿನಲ್ಲಿ ಹಳೆಯ ಚಿತ್ರಗಳನ್ನು ನೋಡುವಾಗ ದೋಷ ಕಾಣದೆ ಗೊಂದಲಕ್ಕೆ ಬಿದ್ದದ್ದು ಇದರಿಂದಲೇ. ಎದುರುಬದುರು ಮಾತಾಡುವ ಕರೆಯಲ್ಲಿ ಹೀಗೆ ತಡೆಹಿಡಿಯುತ್ತ ಕುಳಿತರೆ ಸಂಭಾಷಣೆಯೇ ಎಡವುತ್ತದೆ.

ಎಷ್ಟು ತಡ ಎಂದು ಅಳೆಯದೆ ಬಿಟ್ಟರೆ ನಾನೆಂಥ ವಿಜ್ಞಾನದ ಮೇಷ್ಟ್ರು? ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಉಪಾಯ ಹೇಳಿದ. ವಿ.ಎಲ್.ಸಿ. ಎಂಬ ಉಚಿತ ಪ್ಲೇಯರಿನಲ್ಲಿ ವಿಡಿಯೊ ನಡೆಯುತ್ತಿರುವಾಗ ಕೀಲಿಮಣೆಯಲ್ಲಿ ‘ಜೆ’ ಒತ್ತಿದರೆ ದನಿ 50 ಮಿಲಿಸೆಕೆಂಡು ಮುಂದಕ್ಕೆ ಬರುತ್ತದೆ, ‘ಕೆ’ ಒತ್ತಿದರೆ ಅಷ್ಟೇ ಹಿಂದಕ್ಕೆ ಹೋಗುತ್ತದೆ. ಬೀಳ್ಕೊಡುಗೆಯ ಚಪ್ಪಾಳೆಯ ಭಾಗವನ್ನೇ ಮತ್ತೆ ಮತ್ತೆ ಹಾಕಿ ‘ಜೆ’ ಒತ್ತುತ್ತ ಹೋದೆ. ನಾಲ್ಕನೆಯ ಸಲಕ್ಕೆ ಅಂಗೈಗಳೂ ಶಬ್ದವೂ ಕೂಡಿದವು. ಎಂದರೆ 200 ಮಿಲಿಸೆಕೆಂಡು, ಸೆಕೆಂಡಿನ ಐದನೆಯ ಒಂದು ಭಾಗ.

ಓದುಗರು ನಗಬಹುದು, ಇಷ್ಟಕ್ಕೆ ಇಷ್ಟು ರಾದ್ಧಾಂತವೇ ಎಂದು. ಆದರೆ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಆ ಲೆಕ್ಕದಲ್ಲಿ ನನ್ನ ಸ್ಪೀಕರು ಮೇಜಿನ ಮೇಲೆ ಇರಲೇ ಇಲ್ಲ, 68 ಮೀಟರು ದೂರದಲ್ಲಿತ್ತು. ಮೊಮ್ಮಗಳ ಮುಖ ಎದುರಿಗೆ, ಅವಳ ಮಾತು ನಮ್ಮ ಓಣಿಯ ಆಚೆಯ ತುದಿಯಲ್ಲಿ.

ಶಬ್ದದ ವೇಗ ನಾನು ಮೂರೂವರೆ ದಶಕ ಕಲಿಸಿದ ಪಾಠ. ಪುಸ್ತಕದಲ್ಲಿ ಅರ್ಧ ಪುಟದಷ್ಟಿದ್ದ ಅದನ್ನು ನಾನು ಮೂರು ದಿನ ಎಳೆಯುತ್ತಿದ್ದೆ. ನಮ್ಮೂರಿನ ಮಕ್ಕಳಿಗೆ ಇದು ಹುಟ್ಟಿನಿಂದಲೇ ಗೊತ್ತಿರುವ ಸಂಗತಿ. ಅರಕೇರಿಯ ಮುಮ್ಮೆಟ್ಟಿಗುಡ್ಡದಲ್ಲಿ ಅಮೋಘಸಿದ್ಧನ ಜಾತ್ರೆ ಆದಾಗ ಹೊಲದ ಬದುವಿನ ಮೇಲೆ ನಿಂತು ನೋಡಿದರೆ, ಡೊಳ್ಳಿನವರ ತೋಳು ಮೊದಲು ಬೀಸುತ್ತದೆ, ‘ಢಂ’ ಎಂಬುದು ಆಮೇಲೆ ಎದೆಗೆ ತಾಗುತ್ತದೆ. ಶಾಲೆಯ ಹಿಂದಿನ ಬಯಲಿನಲ್ಲಿ ಒಬ್ಬ ಗಟ್ಟಿ ಹುಡುಗನನ್ನು ನಿಲ್ಲಿಸಿ, ಗಂಟೆಯೆಂದು ತೂಗುಬಿಟ್ಟಿದ್ದ ರೈಲುಕಂಬಿಯ ತುಂಡನ್ನು ಗಡಿಯಾರ ನೋಡಿ ಸೆಕೆಂಡಿಗೊಂದು ಪೆಟ್ಟಿನಂತೆ ಬಡಿಯಹೇಳುತ್ತಿದ್ದೆ. ಉಳಿದವರು ಅವನನ್ನು ನೋಡುತ್ತ ಹಿಂದೆ ಹಿಂದೆ ನಡೆಯಬೇಕು. ಎಲ್ಲಿ ನಿಂತರೆ ಅವನ ಸುತ್ತಿಗೆ ಸರಿಯಾಗಿ ಮೇಲೆ ಇರುವಾಗ ಪೆಟ್ಟು ಕೇಳುವುದೋ ಅಲ್ಲಿ ಕಲ್ಲು ಇಡಬೇಕು. ಆಮೇಲೆ ಹಗ್ಗ ಹಿಡಿದು ಅಳೆದರೆ 170 ಮೀಟರಿನ ಆಸುಪಾಸು ಬರುತ್ತಿತ್ತು. ಅರ್ಧ ಸೆಕೆಂಡಿಗೆ 170 ಆದರೆ ಒಂದು ಸೆಕೆಂಡಿಗೆ ಎಷ್ಟು? ಈ ಉತ್ತರವನ್ನು ಮಕ್ಕಳು ಕೂಗಿ ಹೇಳುತ್ತಿದ್ದರು. ಅದೇ ಉತ್ತರ ಪುಸ್ತಕದಲ್ಲಿದ್ದಾಗ ಯಾರೂ ಕೂಗಿರಲಿಲ್ಲ.

ಮೂರನೆಯ ದಿನ ಗೋಳಗುಮ್ಮಟ. ಮಹಮ್ಮದ ಆದಿಲಶಾಹನ ಈ ಸಮಾಧಿಯ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಮೇಲಿನ ಮೊಗಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಶಬ್ದ ಆಚೆಯ ಗೋಡೆಗೆ ಹೋಗಿ ಮರಳಲು 76 ಮೀಟರಿನ ಪಯಣ, ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಕಿವಿ ಒಂದು ಶಬ್ದವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕಿಂತ ಬೇಗ ಮರಳಿದ್ದು ಪ್ರತಿಧ್ವನಿಯಾಗಿ ಬೇರೆ ಕೇಳದು. ಹೀಗಾಗಿ ನಮ್ಮ ಮನೆಗಳ ಪಡಸಾಲೆಯಲ್ಲಿ ಪ್ರತಿಧ್ವನಿ ಇಲ್ಲ, ಗುಮ್ಮಟದಲ್ಲಿ ಇದೆ. ಒಬ್ಬ ಹುಡುಗ ನಿಲುಗಡಿಯಾರದಿಂದ ಅದನ್ನು ಅಳೆಯಲು ಹೊರಟು ಪ್ರತಿಸಲ ಬೇರೆ ಉತ್ತರ ಪಡೆದು ಅತ್ತಿದ್ದ. ಬೆರಳು ಗುಂಡಿ ಒತ್ತಲು ತೆಗೆದುಕೊಳ್ಳುವ ಸಮಯವೂ ಅಷ್ಟೇ ಇರುತ್ತದೆ ಕಣೋ ಎಂದು ಸಮಾಧಾನ ಹೇಳಿದ್ದೆ. ಈಗ ನೋಡಿದರೆ, ತಂಬಿಗೆಯಷ್ಟಿದ್ದ ಆ ಸ್ಪೀಕರು ಹೆಚ್ಚುಕಡಿಮೆ ಒಂದು ಗೋಳಗುಮ್ಮಟದ ವಿಳಂಬವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು!

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ದೂರದರ್ಶನ ಪ್ರಸಾರಕ್ಕಾಗಿ ಕೊಟ್ಟ ಶಿಫಾರಸಿನ ಪ್ರಕಾರ, ದನಿ ಚಿತ್ರಕ್ಕಿಂತ 125 ಮಿಲಿಸೆಕೆಂಡಿನವರೆಗೆ ಹಿಂದೆ ಬಿದ್ದರೂ ನೋಡುಗರ ಗಮನಕ್ಕೆ ಬಾರದು. ಆದರೆ 45 ಮಿಲಿಸೆಕೆಂಡು ಮುಂದೆ ಬಂದರೆ ಗಮನಕ್ಕೆ ಬರುತ್ತದೆ. ಈ ಪಕ್ಷಪಾತಕ್ಕೆ ಕಾರಣ ನನಗೆ ಡೊಳ್ಳಿನಲ್ಲೇ ಕಾಣುತ್ತದೆ. ಪೆಟ್ಟು ಕಂಡ ಮೇಲೆ ಶಬ್ದ ಬರುವುದನ್ನು ಮನುಷ್ಯ ಎಂದಿನಿಂದಲೋ ನೋಡುತ್ತ ಬಂದಿದ್ದಾನೆ. ಪೆಟ್ಟಿಗೆ ಮೊದಲೇ ಶಬ್ದ ಬಂದದ್ದನ್ನು ಯಾರೂ ನೋಡಿಲ್ಲ.

ನನ್ನ 200 ಈ ಮಿತಿಯನ್ನು ಚೆನ್ನಾಗಿಯೇ ದಾಟಿತ್ತು. ಹಾಗಿದ್ದೂ ನಾನು ತಿಂಗಳುಗಟ್ಟಲೆ ಅದನ್ನು ಸಹಿಸಿಕೊಂಡಿದ್ದೆ, ಆಕೆ ಒಂದೇ ವಾರದಲ್ಲಿ ಎದ್ದುಹೋದಳು. ಇದೇಕೆ ಎಂಬ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ. ಅಳತೆ ಸಿಕ್ಕ ಸಂತೋಷದಲ್ಲಿದ್ದೆ.

ಪರಿಹಾರ ನಾಚಿಕೆಯಾಗುವಷ್ಟು ಸುಲಭವಿತ್ತು. ಸ್ಪೀಕರಿನ ಬೆನ್ನಿನಲ್ಲಿ, ರಬ್ಬರಿನ ಮುಚ್ಚಳದಡಿ, ತಂತಿ ಸಿಕ್ಕಿಸುವ ಒಂದು ತೂತಿತ್ತು. ಎರಡೂ ತುದಿಗೆ ಮೊಳೆಯಿರುವ ತಂತಿಯೊಂದನ್ನು ಊರಿನ ಮೊಬೈಲ್ ಅಂಗಡಿಯಲ್ಲಿ ಕೊಂಡು, ಗಣಕಯಂತ್ರದ ಹಸಿರು ತೂತಿಗೂ ಸ್ಪೀಕರಿಗೂ ಸೇರಿಸಿದೆ. ಯಂತ್ರದ ಬ್ಲೂಟೂತನ್ನು ಆರಿಸಿದೆ. ಮುಖ್ಯಗುರುಗಳ ಬಾಯಿಗೆ ಅವರ ಮಾತು ಮರಳಿ ದೊರೆಯಿತು. ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ: ತಂತಿ ಹಾಕಿದ ಮೇಲೂ ಕೆಲವು ಯಂತ್ರಗಳಲ್ಲಿ ಮಾತಿನ ಮೊದಲ ಅಕ್ಷರ ನುಂಗಿಹೋಗುವುದುಂಟು. ಅದು ವಿಳಂಬವಲ್ಲ. ವಿದ್ಯುತ್ತು ಉಳಿಸಲು ನಿದ್ರೆಹೋದ ಧ್ವನಿಯ ಚಿಪ್ಪು ಎದ್ದು ಕೂಡುವಷ್ಟರಲ್ಲಿ ‘ನಮಸ್ಕಾರ’ದ ‘ನ’ ಹೋಗಿರುತ್ತದೆ. ಅದರ ಚಿಕಿತ್ಸೆ ಬೇರೆ, ವಿದ್ಯುತ್ ಉಳಿತಾಯದ ಆಯ್ಕೆಗಳಲ್ಲಿದೆ. ಎರಡನ್ನೂ ಒಂದೇ ರೋಗವೆಂದು ತಿಳಿದರೆ ಎರಡೂ ವಾಸಿಯಾಗವು.

ಆಕೆಯನ್ನು ಕರೆದು ಕೂರಿಸಿ ವಿಡಿಯೊ ಹಾಕಿದೆ. ಕಣ್ಣು ಕಿರಿದು ಮಾಡಿ ನೋಡಿದಳು. ‘ಹಾಂ, ಈಗ ಕೇಳತೈತಿ’ ಎಂದಳು. ಸ್ಪೀಕರಿನ ಗಾತ್ರ ಅದೇ, ಜೋರು ಅದೇ. ಮೊದಲು ಕೇಳದ್ದು ಈಗ ಹೇಗೆ ಕೇಳುತ್ತದೆ? ನಾನು ಹೀಗೆ ಯೋಚಿಸುತ್ತಿರುವಾಗಲೇ ಸ್ಪೀಕರಿನ ಬ್ಯಾಟರಿ ಖಾಲಿಯಾಗಿ ದನಿ ನಿಂತಿತು. ಚಾರ್ಜರು ಹುಡುಕಲು ಬಗ್ಗಿದೆ. ‘ಇರ್ಲಿ ಬಿಡ್ರಿ, ಹಂಗ ನೋಡೂಣು’ ಎಂದ ಆಕೆ, ತುಸು ಹೊತ್ತಿಗೆ ನಕ್ಕಳು. ಮುಖ್ಯಗುರುಗಳು ನನ್ನ ಸೀಮೆಸುಣ್ಣದ ಗುರಿಯ ಬಗ್ಗೆ ಏನೋ ಚಟಾಕಿ ಹಾರಿಸುವ ಜಾಗ ಅದು. ಸರಿಯಾದ ಜಾಗದಲ್ಲೇ ನಕ್ಕಿದ್ದಳು.

ಹಳೆಯ ಸಮಾರಂಭ, ನೆನಪಿದ್ದೀತು ಎಂದು ನನ್ನೊಳಗಿನ ಮೇಷ್ಟ್ರು ತಕರಾರು ತೆಗೆದ. ಹಾಗಾಗಿ ಆಕೆಯ ಎದುರು ನಿಂತು, ದನಿಯಿಲ್ಲದೆ ತುಟಿ ಮಾತ್ರ ಆಡಿಸಿ ಒಂದು ಮಾತು ಹೇಳಿದೆ. ‘ನಾಳೆ ಸಂತೆಗೆ ಹೋಗೋಣವೇ?’ ಆಕೆ ತಟ್ಟನೆ, ‘ನಾಳೆ ಯಾಕ? ಬ್ಯಾಳಿ ಅದಾವಲ್ಲ’ ಎಂದಳು. ಇನ್ನೊಂದು, ಮತ್ತೊಂದು. ಸುಮಾರು ಅರ್ಧದಷ್ಟು ಸರಿಯಾಗಿ ಹಿಡಿದಳು. ಆಮೇಲೆ ಬೇಕೆಂದೇ ‘ಪಾವು’ ಎಂದೆ, ‘ಮಾವು’ ಎಂದಳು. ‘ಬಾವು’ ಎಂದೆ, ಮತ್ತೆ ‘ಮಾವು’. ‘ಮಾವು’ ಎಂದದ್ದಕ್ಕೂ ‘ಮಾವು, ಎಷ್ಟ ಸರ್ತಿ ಹೇಳ್ತೀರಿ?’ ಎಂದು ರೇಗಿದಳು.

ನಾನು ಕುರ್ಚಿಯಲ್ಲಿ ಕುಳಿತುಬಿಟ್ಟೆ. ಆಕೆ ತುಟಿಯನ್ನು ಓದುತ್ತಿದ್ದಳು. ಎಷ್ಟು ವರ್ಷದಿಂದ ಎಂದು ಕೇಳಿದರೆ, ಆಕೆಗೇ ಗೊತ್ತಿರಲಿಲ್ಲ. ‘ನನಗೇನ ಗೊತ್ತರಿ? ಕೇಳತೈತಿ ಅಂತ ತಿಳದಿದ್ದೆ’ ಎಂದಳು.

ನಮ್ಮ ವರ್ಣಮಾಲೆಯನ್ನು ಕಟ್ಟಿದವರು ಅಕ್ಷರಗಳನ್ನು ಉಚ್ಚಾರಣೆಯ ಸ್ಥಾನಕ್ಕೆ ತಕ್ಕಂತೆ ಜೋಡಿಸಿದ್ದಾರೆ. ಕವರ್ಗ ಗಂಟಲಿನಲ್ಲಿ, ಪವರ್ಗ ತುಟಿಯಲ್ಲಿ. ಒಳಗಿನಿಂದ ಹೊರಕ್ಕೆ ಬರುವ ಈ ಮೆರವಣಿಗೆಯಲ್ಲಿ ಕೊನೆಯವರು ಮಾತ್ರ ಬಾಗಿಲಿಗೆ ಬಂದು ಮುಖ ತೋರಿಸುತ್ತಾರೆ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುವುದರಿಂದ ಕಣ್ಣಿಗೆ ಮೂವರೂ ಒಂದೇ. ಕ, ಗ ಕಣ್ಣಿಗೆ ಬೀಳುವುದೇ ಇಲ್ಲ. ಇತ್ತ ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ಥಾಯಿಯನ್ನು. ಅ, ಆ, ಓ ಮುಂತಾದ ಸ್ವರಗಳು ದಪ್ಪಗೆ ಕೇಳುತ್ತಲೇ ಇರುತ್ತವೆ, ಸ, ಶ, ತ, ಚಗಳ ಅಂಚು ಸವೆಯುತ್ತದೆ. ಇದರಿಂದಲೇ ವಯಸ್ಸಾದವರು ‘ದನಿ ಕೇಳತೈತಿ, ಮಾತು ತಿಳಿಯಂಗಿಲ್ಲ’ ಎನ್ನುವುದು. ಕಿವಿ ಬಿಟ್ಟುಕೊಟ್ಟದ್ದರಲ್ಲಿ ಒಂದು ಪಾಲನ್ನು ಕಣ್ಣು ತಂದುಕೊಡುತ್ತದೆ. ಎರಡೂ ಸೇರಿ ಮನಸ್ಸಿನಲ್ಲಿ ಒಂದು ಮಾತು ಆಗುತ್ತದೆ.

ಇದು ಕಿವಿ ಮಂದವಾದವರ ವಿದ್ಯೆ ಮಾತ್ರವಲ್ಲ. 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ ಎಂಬ ಮನೋವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾಗಿದೆ. ‘ಬ’ ಎಂಬ ದನಿಯನ್ನು ‘ಗ’ ಎನ್ನುವ ಮುಖದ ಚಿತ್ರಕ್ಕೆ ಜೋಡಿಸಿ ತೋರಿಸಿದರೆ, ಕಿವಿ ಚೆನ್ನಾಗಿರುವವರಲ್ಲೂ ಬಹುಪಾಲು ಜನರಿಗೆ ‘ದ’ ಎಂದು ಕೇಳಿಸಿತು. ಕಣ್ಣು ಮುಚ್ಚಿದರೆ ಅದೇ ದನಿ ‘ಬ’. ಎಲ್ಲರ ಕಣ್ಣೂ ಅಷ್ಟಿಷ್ಟು ಕೇಳುತ್ತಲೇ ಇರುತ್ತದೆ. ನನ್ನ ಮಡದಿಯದು ಹೆಚ್ಚು ದುಡಿಯುತ್ತಿತ್ತು, ಅಷ್ಟೇ. ಅಂಥವಳ ಎದುರು ದನಿಯನ್ನು ಐದನೆಯ ಒಂದು ಸೆಕೆಂಡು ಹಿಂದೆ ತಳ್ಳಿದರೆ, ಕಣ್ಣು ಒಂದು ಅಕ್ಷರ ಹೇಳುವಾಗ ಕಿವಿ ಹಿಂದಿನ ಅಕ್ಷರ ಹೇಳುತ್ತದೆ. ತಲೆ ತಿರುಗದೆ ಇನ್ನೇನು?

ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಒಂದೊಂದೇ ನೆನಪಾಗುತ್ತ ಹೋಯಿತು. ಊಟಕ್ಕೆ ಪಕ್ಕದಲ್ಲಿ ಕೂಡುತ್ತಿದ್ದವಳು ಕೆಲವು ವರ್ಷಗಳ ಹಿಂದೆ ಎದುರಿಗೆ ಮಣೆ ಹಾಕಿಕೊಳ್ಳತೊಡಗಿದ್ದಳು. ಕರೆಂಟು ಹೋದಾಗ ನಾನು ಏನಾದರೂ ಕೇಳಿದರೆ ಅಸಂಬದ್ಧ ಉತ್ತರ ಕೊಡುತ್ತಿದ್ದಳು. ಲಕ್ಷ್ಯ ಎಲ್ಲಿದೆ ನಿನಗೆ ಎಂದು ಗದರಿದ್ದೇನೆ, ತರಗತಿಯ ಹಿಂದಿನ ಬೆಂಚಿನ ಹುಡುಗನನ್ನು ಗದರುವ ದನಿಯಲ್ಲಿ. ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡು ಮಾತಾಡಿದರೆ ‘ಪೇಪರ ಇಳಸ್ರಿ’ ಎನ್ನುತ್ತಿದ್ದಳು. ಅದನ್ನು ಸಲಿಗೆಯ ಕೋಪವೆಂದು ತಿಳಿದಿದ್ದೆ. 2020ರಲ್ಲಿ ಕೊರೋನಾ ಬಂದು ಊರಿಗೆ ಊರೇ ಮಾಸ್ಕು ಹಾಕಿಕೊಂಡಾಗ ಆಕೆ ಓಣಿಯ ಹೆಂಗಸರ ಜೊತೆ ಮಾತನ್ನೇ ಬಿಟ್ಟಿದ್ದಳು. ಅವರ ಮಾತು ತಿಳಿಯುವುದಿಲ್ಲ ಎಂದಿದ್ದಳು. ಬಟ್ಟೆಯಡಿ ದನಿ ಮಂದವಾಗುತ್ತದೆ, ಸಹಜ, ಎಂದು ನಾನು ಶಬ್ದಶಾಸ್ತ್ರದ ವಿವರಣೆ ಕೊಟ್ಟಿದ್ದೆ. ವಿವರಣೆ ತಪ್ಪಿರಲಿಲ್ಲ. ಮಾಸ್ಕು ಮುಚ್ಚಿದ್ದು ದನಿಯನ್ನಷ್ಟೇ ಅಲ್ಲವೆಂಬುದು ಹೊಳೆಯಲಿಲ್ಲ.

ನೂರಾರು ಮಕ್ಕಳಿಗೆ ಕಿವಿಯ ಚಿತ್ರ ಬರೆಸಿದ್ದೇನೆ. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಮೂಳೆಗಳ ಹೆಸರು ಬಾಯಿಪಾಠ ಮಾಡಿಸಿದ್ದೇನೆ.

ಮುಂದಿನ ವಾರ ವಿಜಯಪುರಕ್ಕೆ ಮತ್ತೆ ಬಸ್ಸು, ಈ ಬಾರಿ ಪೆಟ್ಟಿಗೆಯ ಬದಲು ಆಕೆ. ಶ್ರವಣ ಪರೀಕ್ಷೆಯ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೆಳಗಿನ ಸ್ಥಾಯಿಯಿಂದ ಮೇಲಿನ ಸ್ಥಾಯಿಯವರೆಗೆ ಒಂದೊಂದೇ ಸ್ವರ ಕೇಳಿಸಿ, ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಕೊನೆಗೆ ಕೊಟ್ಟ ನಕ್ಷೆಯಲ್ಲಿ ಗೆರೆ ಮೊದಲು ಸಮತಟ್ಟಾಗಿ ಹೋಗಿ, ಬಲಕ್ಕೆ ಬರುಬರುತ್ತ ಗುಡ್ಡದಿಂದ ಇಳಿದಂತೆ ಇಳಿದಿತ್ತು. ಎರಡೂ ಕಿವಿಗೆ ಶ್ರವಣಯಂತ್ರ ಬೇಕೆಂದರು. ಆಕೆ ಮೊದಲು ಒಪ್ಪಲಿಲ್ಲ, ಮಂದಿ ಏನಂದಾರು ಎಂದಳು. ಕನ್ನಡಕ ಹಾಕಿದಾಗ ಮಂದಿ ಏನಂದರು ಎಂದು ಕೇಳಿದೆ. ಹಾಕಿಕೊಂಡ ಮೊದಲ ವಾರ ಬಾಂಡೆ ಸಾಮಾನಿನ ಸದ್ದಿಗೆ ಬೆಚ್ಚಿಬೀಳುತ್ತಿದ್ದಳು. ಹೊಂದಿಕೊಳ್ಳಲು ದಿನ ಬೇಕು ಎಂದು ಅವರು ಮೊದಲೇ ಎಚ್ಚರಿಸಿದ್ದರು.

ಈ ಶ್ರವಣಯಂತ್ರವೂ ದನಿಯನ್ನು ಅಂಕಿಗಳಾಗಿಸಿ, ತಿದ್ದಿ, ಮರಳಿ ದನಿಯಾಗಿಸುವ ಒಂದು ಪುಟ್ಟ ಗಣಕಯಂತ್ರವೇ. ಆದರೆ ಅದರ ವಿಳಂಬ ಕೆಲವೇ ಮಿಲಿಸೆಕೆಂಡು, ತುಟಿ ಮತ್ತು ಮಾತಿನ ನಡುವೆ ಅಡ್ಡ ಬಾರದಷ್ಟು. ಇದನ್ನು ನೇರವಾಗಿ ಗಣಕಯಂತ್ರಕ್ಕೆ ಬ್ಲೂಟೂತಿನಲ್ಲಿ ಜೋಡಿಸಬಹುದೆಂದು ಮಗ ಉತ್ಸಾಹದಿಂದ ಹೇಳಿದ. ಬೇಡಪ್ಪ ಎಂದೆ. ದನಿ ಸ್ಪೀಕರಿನಿಂದ ತಂತಿಯ ದಾರಿಯಲ್ಲಿಯೇ ಬರಲಿ, ಗಾಳಿಯಲ್ಲಿ ನಾಲ್ಕು ಅಡಿ ಸಾಗಿ ಆಕೆಯ ಕಿವಿ ಸೇರಲಿ. ನಾಲ್ಕು ಅಡಿಗೆ ಮೂರೂವರೆ ಮಿಲಿಸೆಕೆಂಡು. ಅಷ್ಟನ್ನು ನಾವು ಕೊಡಬಲ್ಲೆವು.

ಇನ್ನೊಂದು ಬದಲಾವಣೆಯನ್ನೂ ಮಾಡಿದ್ದೇವೆ. ಮಗನ ಮನೆಯಲ್ಲಿ ದೀಪ ಮಗುವಿನ ಬೆನ್ನ ಹಿಂದೆ ಇತ್ತು. ಮುಖ ಕಪ್ಪಾಗಿ ಕಾಣುತ್ತಿತ್ತು. ಈಗ ದೀಪ ಅವಳ ಎದುರಿಗೆ. ಕಳೆದ ಭಾನುವಾರ ಅವಳು ಹೊಸದಾಗಿ ಬಿದ್ದ ಮುಂಭಾಗದ ಹಲ್ಲನ್ನು ತೋರಿಸಲು ಕ್ಯಾಮೆರಾಕ್ಕೆ ಮೂಗು ತಾಗುವಷ್ಟು ಹತ್ತಿರ ಬಂದಳು. ಪರದೆಯ ತುಂಬ ಬರೀ ಹಣೆ ಮತ್ತು ಎರಡು ಕಣ್ಣು. ಅಜ್ಜಿ ಕುರ್ಚಿಯಿಂದ ಮುಂದೆ ಬಾಗಿ ಕೈ ಬೀಸಿದಳು.

‘ಹಿಂದ ಸರಿಯವ್ವಾ, ಹಿಂದ ಸರಿ. ಬಾಯಿ ಕಾಣವಲ್ದು.’